ಗ್ರಾಮೀಣ ವಸತಿ ಯೋಜನೆಗಳ ಕಾಯುವ ಪಟ್ಟಿ (ಕರ್ನಾಟಕ)

ಗ್ರಾಮೀಣ ವಸತಿ ಯೋಜನೆಗಳ ಕಾಯುವ ಪಟ್ಟಿ ಎಂಬುದು ಸರ್ಕಾರದ ಸಹಾಯಧನದಿಂದ ಮನೆ ಕಟ್ಟಿಕೊಳ್ಳಲು ಅರ್ಹವಾದ ಕುಟುಂಬಗಳನ್ನು ಗ್ರಾಮ ಪಂಚಾಯಿತಿವಾರು ಆದ್ಯತೆಯ ಕ್ರಮದಲ್ಲಿ ದಾಖಲಿಸುವ ಪಟ್ಟಿಯಾಗಿದೆ. ವಸತಿ ಯೋಜನೆಗಳಿಗೆ ದೊರೆಯುವ ವಾರ್ಷಿಕ ಗುರಿಯು ಅರ್ಹ ಕುಟುಂಬಗಳ ಸಂಖ್ಯೆಗಿಂತ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಮಂಜೂರಾತಿಯು ಈ ಪಟ್ಟಿಯ ಕ್ರಮವನ್ನು ಅವಲಂಬಿಸುತ್ತದೆ. ಕರ್ನಾಟಕದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಯೋಜನೆಗಳಿಗೆ ಬೇರೆ ಬೇರೆ ಬಗೆಯ ಪಟ್ಟಿಗಳಿದ್ದು, ಎರಡಕ್ಕೂ ಗ್ರಾಮಸಭೆಯ ಅನುಮೋದನೆ ಅಗತ್ಯವಾಗಿದೆ. ಪಟ್ಟಿಯಲ್ಲಿ ಹೆಸರು ಬರಲು ಬಡತನವೊಂದೇ ಸಾಲದು. ಸಮೀಕ್ಷೆಯ ದಿನ ಮನೆಯಲ್ಲಿರುವುದು, ಪಡಿತರ ಚೀಟಿ, ನಿವೇಶನದ ದಾಖಲೆ ಇವೂ ಅಷ್ಟೇ ನಿರ್ಣಾಯಕವಾಗಿವೆ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಂತಹ ಕಾಡಂಚಿನ ಪ್ರದೇಶಗಳಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ.

ಹಿನ್ನೆಲೆ

ರಾಜ್ಯದಲ್ಲಿ ಬಡವರಿಗೆ ಮನೆ ಮತ್ತು ನಿವೇಶನ ಒದಗಿಸುವ ಕಾರ್ಯಕ್ರಮಗಳು 1970ರ ದಶಕದಲ್ಲಿ ವ್ಯಾಪಕವಾದವು. ಹುಣಸೂರು ಕ್ಷೇತ್ರದ ಶಾಸಕರಾಗಿದ್ದ ಡಿ. ದೇವರಾಜ ಅರಸು ಅವರು 1972ರಲ್ಲಿ ಮುಖ್ಯಮಂತ್ರಿಯಾದರು. ಮನೆ ನಿವೇಶನ ನೀಡಲು ಜಮೀನು ಸ್ವಾಧೀನಪಡಿಸಿಕೊಳ್ಳಲು ಅವಕಾಶ ಕಲ್ಪಿಸುವ 1972ರ ಅಧಿನಿಯಮ ಆ ಕಾಲದ್ದು. ಹಳ್ಳಿಗಳ ಅಂಚಿನಲ್ಲಿ ಸಾಲಾಗಿ ನಿರ್ಮಿಸಲಾದ ಸಣ್ಣ ಮನೆಗಳು 'ಜನತಾ ಮನೆ' ಎಂದು ಹೆಸರಾದವು. ಅನೇಕ ಊರುಗಳಲ್ಲಿ ಆ ಬೀದಿಗಳನ್ನು ಇಂದಿಗೂ 'ಜನತಾ ಕಾಲೋನಿ' ಎಂದೇ ಕರೆಯಲಾಗುತ್ತದೆ.

ಕೇಂದ್ರ ಸರ್ಕಾರವು 1985ರಲ್ಲಿ ಆರಂಭಿಸಿದ ಇಂದಿರಾ ಆವಾಸ್ ಯೋಜನೆಯು 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. ಅದರ ಕೊನೆಯ ವರ್ಷಗಳಲ್ಲಿ ಶಾಶ್ವತ ಕಾಯುವ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಪ್ರದರ್ಶಿಸಬೇಕೆಂಬ ನಿಯಮ ಬಂದಿತು. ರಾಜ್ಯ ಸರ್ಕಾರದ ಆಶ್ರಯ ಯೋಜನೆ 1991-92ರಲ್ಲಿ ಜಾರಿಗೆ ಬಂದಿತು. ವಸತಿ ಯೋಜನೆಗಳ ಅನುಷ್ಠಾನಕ್ಕಾಗಿ 2000ನೇ ಇಸವಿಯಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗಾಗಿರುವ ಡಾ. ಬಿ. ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ಹಾಗೂ ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು ಮೊದಲಾದ ವಿಶೇಷ ವರ್ಗಗಳಿಗಾಗಿರುವ ದೇವರಾಜ ಅರಸು ವಸತಿ ಯೋಜನೆ ಈ ನಿಗಮದ ಮೂಲಕ ನಡೆಯುತ್ತವೆ. 2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಸ್ಥಾನಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂದಿತು.

ಎರಡು ಬಗೆಯ ಪಟ್ಟಿಗಳು

ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಟ್ಟಿಗೆ ಅರ್ಜಿಯು ಆಧಾರವಲ್ಲ, ಸಮೀಕ್ಷೆಯೇ ಆಧಾರ. ಮೊದಲ ಪಟ್ಟಿಯನ್ನು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಿಂದ ಸಿದ್ಧಪಡಿಸಲಾಯಿತು. ಮನೆಯಿಲ್ಲದವರು, ಒಂದು ಅಥವಾ ಎರಡು ಕೋಣೆಗಳ ಕಚ್ಚಾ ಗೋಡೆ ಮತ್ತು ಕಚ್ಚಾ ಛಾವಣಿಯ ಮನೆಯಲ್ಲಿರುವವರು ಎಂಬ ಕ್ರಮದಲ್ಲಿ ಕುಟುಂಬಗಳನ್ನು ವಿಂಗಡಿಸಲಾಗುತ್ತದೆ. ಒಂದೇ ವರ್ಗದೊಳಗೆ 16ರಿಂದ 59 ವರ್ಷದ ವಯಸ್ಕರಿಲ್ಲದ ಕುಟುಂಬ, ಅಂತಹ ವಯಸ್ಕ ಗಂಡಸಿಲ್ಲದೆ ಮಹಿಳೆಯೇ ಮುಖ್ಯಸ್ಥೆಯಾಗಿರುವ ಕುಟುಂಬ, 25 ವರ್ಷ ಮೀರಿದ ಅಕ್ಷರಸ್ಥರಿಲ್ಲದ ಕುಟುಂಬ, ಅಂಗವಿಕಲ ಸದಸ್ಯರಿದ್ದು ದುಡಿಯಬಲ್ಲ ವಯಸ್ಕರಿಲ್ಲದ ಕುಟುಂಬ, ಕೂಲಿಯನ್ನೇ ನಂಬಿದ ಭೂರಹಿತ ಕುಟುಂಬ ಎಂಬ ಕೊರತೆಗಳಿಗೆ ಅಂಕಗಳಿವೆ. ವಸತಿರಹಿತರು, ನಿರ್ಗತಿಕರು, ಮಲ ಹೊರುವ ಕೆಲಸದವರು, ಅತಿ ದುರ್ಬಲ ಬುಡಕಟ್ಟುಗಳು ಹಾಗೂ ಕಾನೂನುಬದ್ಧವಾಗಿ ಬಿಡುಗಡೆಯಾದ ಜೀತದಾಳುಗಳು ನೇರ ಸೇರ್ಪಡೆಗೆ ಅರ್ಹರು.

2011ರ ಗಣತಿಯಲ್ಲಿ ಬಿಟ್ಟುಹೋದವರಿಗಾಗಿ 2018ರ ಜನವರಿಯಿಂದ 2019ರ ಮಾರ್ಚ್‌ವರೆಗೆ 'ಆವಾಸ್ ಪ್ಲಸ್' ಸಮೀಕ್ಷೆ ನಡೆಯಿತು. 2024-29ರ ಅವಧಿಗೆ ಇನ್ನೂ 2 ಕೋಟಿ ಮನೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ ಬಳಿಕ ಹೊಸ ಸಮೀಕ್ಷೆ ಕೈಗೊಳ್ಳಲಾಯಿತು. ಅದರಲ್ಲಿ ಕುಟುಂಬದವರೇ ಮೊಬೈಲ್ ಮೂಲಕ ವಿವರ ದಾಖಲಿಸುವ ಅವಕಾಶವಿತ್ತು. ಹೊರಗಿಡುವ ಮಾನದಂಡಗಳೂ ಆಗ ಸಡಿಲಗೊಂಡವು. ಮೊದಲು ದ್ವಿಚಕ್ರ ವಾಹನ, ಫ್ರಿಜ್ ಅಥವಾ ಸ್ಥಿರ ದೂರವಾಣಿ ಇದ್ದ ಕುಟುಂಬ ಅನರ್ಹವಾಗುತ್ತಿತ್ತು. ಕೂಲಿಗೆ ಹೋಗಲು ಸಾಲ ಮಾಡಿ ಹಳೆಯ ಮೊಪೆಡ್ ಕೊಂಡವರೂ ಇದೇ ಕಾರಣದಿಂದ ಅನರ್ಹರಾಗುವಂತಿತ್ತು. ಈ ಷರತ್ತುಗಳನ್ನು ಕೈಬಿಟ್ಟು, ಮಾಸಿಕ ಆದಾಯದ ಮಿತಿಯನ್ನು 10,000 ರೂಪಾಯಿಯಿಂದ 15,000 ರೂಪಾಯಿಗೆ ಏರಿಸಲಾಯಿತು.

ರಾಜ್ಯದ ಬಸವ ಮತ್ತು ಅಂಬೇಡ್ಕರ್ ಯೋಜನೆಗಳ ರೀತಿ ಬೇರೆ. ನಿಗಮವು ಪಂಚಾಯಿತಿಗೆ ಗುರಿ ನಿಗದಿಪಡಿಸಿದ ನಂತರ ಅರ್ಜಿ ಆಹ್ವಾನಿಸಿ ಗ್ರಾಮಸಭೆಯಲ್ಲಿ ಫಲಾನುಭವಿಗಳನ್ನು ಆಯ್ಕೆ ಮಾಡಲಾಗುತ್ತದೆ. ಹೀಗಾಗಿ ಒಂದು ಯೋಜನೆಯಲ್ಲಿ ಹೆಸರಿಲ್ಲದವರು ಇನ್ನೊಂದರಲ್ಲಿ ಪ್ರಯತ್ನಿಸಬಹುದು; ಆದರೆ ಒಮ್ಮೆ ಯಾವುದಾದರೂ ವಸತಿ ಯೋಜನೆಯ ಲಾಭ ಪಡೆದ ಕುಟುಂಬಕ್ಕೆ ಮತ್ತೆ ಮನೆ ಮಂಜೂರಾಗುವುದಿಲ್ಲ. ವಿಭಕ್ತ ಮಕ್ಕಳ ಅರ್ಜಿಗಳು ತಿರಸ್ಕೃತವಾಗುವುದು ಹೆಚ್ಚಾಗಿ ಇಲ್ಲಿಯೇ: ಪಡಿತರ ಚೀಟಿ ಬೇರೆಯಾಗದಿದ್ದರೆ ಮಗನ ಕುಟುಂಬವು ದಾಖಲೆಯಲ್ಲಿ ತಂದೆಯ ಕುಟುಂಬದ ಭಾಗವಾಗಿಯೇ ಉಳಿಯುತ್ತದೆ, ತಂದೆಗೆ ಹಿಂದೆ ದೊರೆತ ಮನೆ ಮಗನಿಗೂ ಲೆಕ್ಕವಾಗುತ್ತದೆ.

ಅರ್ಜಿ ಮತ್ತು ಗ್ರಾಮಸಭೆ

ಅರ್ಜಿಯನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಸಲ್ಲಿಸಲಾಗುತ್ತದೆ. ಆಧಾರ್, ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ, ನಿವೇಶನದ ದಾಖಲೆ ಹಾಗೂ ಈಗಿರುವ ಗುಡಿಸಲಿನ ಅಥವಾ ಖಾಲಿ ನಿವೇಶನದ ಛಾಯಾಚಿತ್ರ ಸಾಮಾನ್ಯವಾಗಿ ಬೇಕಾಗುತ್ತವೆ. ಮನೆಯನ್ನು ಆದಷ್ಟೂ ಮಹಿಳೆಯ ಹೆಸರಿನಲ್ಲಿ ಮಂಜೂರು ಮಾಡಲಾಗುತ್ತದೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನ್ವಯ ಫಲಾನುಭವಿಗಳ ಆಯ್ಕೆಯು ವಾರ್ಡ್ ಸಭೆ ಮತ್ತು ಗ್ರಾಮಸಭೆಗಳ ಕಾರ್ಯವ್ಯಾಪ್ತಿಗೆ ಸೇರಿದೆ. ಸಭೆಯಲ್ಲಿ ಹೆಸರುಗಳನ್ನು ಓದಿ, ಆಕ್ಷೇಪಣೆ ಕೇಳಿ, ನಡಾವಳಿಯಲ್ಲಿ ದಾಖಲಿಸಬೇಕು. ಪಟ್ಟಿ ಎಷ್ಟರಮಟ್ಟಿಗೆ ನ್ಯಾಯಯುತ ಎಂಬುದು ಕಾನೂನಿಗಿಂತಲೂ ಈ ಸಭೆ ಹೇಗೆ ನಡೆಯಿತು ಎಂಬುದರ ಮೇಲೆ ನಿಂತಿದೆ. ತಮಟೆ ಸಾರಿಸದೆ, ಕೂಲಿಗೆ ಹೋಗುವ ಹೊತ್ತಿನಲ್ಲಿ ಕರೆದ ಸಭೆಗೆ ಗುಡಿಸಲಿನವರು ಬರಲಾರರು. ಬಾರದವರ ಪರವಾಗಿ ಮಾತನಾಡುವವರೂ ವಿರಳ. ನಡಾವಳಿ ಬರೆದಾದ ಮೇಲೆ ಪಟ್ಟಿಯನ್ನು ತಿದ್ದಿಸುವುದು ಕಷ್ಟ. ಅದಕ್ಕೂ ದಾರಿಯಿದೆ: ಸಭೆಯಲ್ಲೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯುವುದು, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಸಲ್ಲಿಸುವುದು, ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೇಳುವುದು. ಕೇಂದ್ರ ಯೋಜನೆಯ ಪಟ್ಟಿಗೆ ಸಂಬಂಧಿಸಿದಂತೆ ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಸಮಿತಿಯಿದೆ.

ನಿವೇಶನದ ತೊಡಕು

ವಸತಿ ಯೋಜನೆಗಳ ಸಹಾಯಧನವು ಮನೆ ಕಟ್ಟಲು ಮಾತ್ರ. ಜಾಗ ಅರ್ಜಿದಾರರದ್ದೇ ಆಗಿರಬೇಕು. ಆದ್ದರಿಂದ ಪ್ರತಿ ಪಂಚಾಯಿತಿಯಲ್ಲೂ 'ವಸತಿರಹಿತರು' ಮತ್ತು 'ನಿವೇಶನರಹಿತರು' ಎಂಬ ಎರಡು ಸಾಲುಗಳಿವೆ. ಎರಡನೆಯ ಸಾಲಿನವರು ಮೊದಲು ನಿವೇಶನಕ್ಕಾಗಿ ಕಾದು, ಅದು ಸಿಕ್ಕ ಮೇಲೆ ಮನೆಗಾಗಿ ಮತ್ತೆ ಕಾಯಬೇಕು. ಸರ್ಕಾರಿ ಗೋಮಾಳ ಉಳಿದಿಲ್ಲದ ಕಡೆ ಖಾಸಗಿ ಜಮೀನು ಖರೀದಿಸಿ ಬಡಾವಣೆ ಮಾಡಬೇಕಾಗಿದ್ದು, ಕೃಷ್ಣರಾಜನಗರದಂತಹ ನೀರಾವರಿ ಪ್ರದೇಶಗಳಲ್ಲಿ ಭೂಮಿಯ ಬೆಲೆಯೇ ಅಡ್ಡಿಯಾಗುತ್ತದೆ.

ಜಾಗದಲ್ಲಿ ವಾಸವಿದ್ದೂ ದಾಖಲೆ ಇಲ್ಲದವರಿಗೆ ಕಾನೂನಿನಲ್ಲಿ ಕೆಲವು ದಾರಿಗಳಿವೆ. ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡವರು ಕರ್ನಾಟಕ ಭೂ ಕಂದಾಯ ಅಧಿನಿಯಮದ 94-ಸಿ ಕಲಮಿನಡಿ ಸಕ್ರಮಕ್ಕೆ ಅರ್ಜಿ ಸಲ್ಲಿಸಬಹುದಾಗಿತ್ತು. ಭೂ ಸುಧಾರಣಾ ಅಧಿನಿಯಮಕ್ಕೆ ಸೇರಿಸಲಾದ 38-ಎ ಕಲಮು ತಾಂಡಾ, ಹಟ್ಟಿ, ಹಾಡಿಗಳಂತಹ ದಾಖಲೆರಹಿತ ಜನವಸತಿಗಳ ನಿವಾಸಿಗಳಿಗೆ ವಾಸದ ಜಾಗದ ಹಕ್ಕು ನೀಡಲು ಅವಕಾಶ ಕಲ್ಪಿಸಿತು. ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ದೊರೆಯುವ ನಮೂನೆ 9 ಮತ್ತು ನಮೂನೆ 11 ನಿವೇಶನದ ದಾಖಲೆಗಳಾಗಿ ಬಳಕೆಯಲ್ಲಿವೆ.

ವೀರನಹೊಸಹಳ್ಳಿ ಮತ್ತು ಸುತ್ತಲಿನ ಹಾಡಿಗಳು

ವೀರನಹೊಸಹಳ್ಳಿಯು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಪ್ರವೇಶದ್ವಾರಗಳಲ್ಲಿ ಒಂದು. ಮೈಸೂರು ದಸರಾದ ಆನೆಗಳ ಗಜಪಯಣಕ್ಕೆ ಚಾಲನೆ ದೊರೆಯುವ ಸ್ಥಳವೆಂದು ಇದು ನಾಡಿನಾದ್ಯಂತ ಪರಿಚಿತವಾಗಿದೆ. ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಸಮುದಾಯಗಳ ಹಾಡಿಗಳಿವೆ. ಇವರಲ್ಲಿ ಜೇನುಕುರುಬರು ಅತಿ ದುರ್ಬಲ ಬುಡಕಟ್ಟು ಗುಂಪಿಗೆ ಸೇರಿದವರು. ರಾಜ್ಯದಲ್ಲಿ ಆ ಗುಂಪಿಗೆ ಸೇರಿದ ಇನ್ನೊಂದು ಸಮುದಾಯ ಕೊರಗರದು.

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ರಚನೆಯೊಂದಿಗೆ ಅನೇಕ ಕುಟುಂಬಗಳು ಕಾಡಿನಿಂದ ಹೊರಬಂದವು. ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿಯು 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ನಾಗರಹೊಳೆಯಿಂದ ಹೊರಬಂದ 3,418 ಕುಟುಂಬಗಳನ್ನು ಗುರುತಿಸಿತು. ಹುಣಸೂರು ತಾಲ್ಲೂಕಿನ ನಾಗಾಪುರ ಮತ್ತು ಶೆಟ್ಟಹಳ್ಳಿ-ಲಕ್ಕಪಟ್ಟಣ ಪುನರ್ವಸತಿ ಕೇಂದ್ರಗಳಲ್ಲಿ ಮನೆಗಳನ್ನು ನೀಡಲಾಯಿತು. ಇಂತಹ ಕೇಂದ್ರಗಳಲ್ಲಿ ಮುಂದಿನ ತಲೆಮಾರಿಗೆ ಪ್ರತ್ಯೇಕ ನಿವೇಶನವಿಲ್ಲ. ಮದುವೆಯಾದ ಮಕ್ಕಳು ಅದೇ ಅಂಗಳದಲ್ಲಿ ಗುಡಿಸಲು ಹಾಕಿಕೊಂಡರೆ, ಕುಟುಂಬವು ಈಗಾಗಲೇ ಮನೆ ಪಡೆದಿದೆ ಎಂಬ ಉತ್ತರ ಎದುರಾಗುತ್ತದೆ.

ಅರಣ್ಯ ಭೂಮಿಯಲ್ಲಿಯೇ ಉಳಿದ ಹಾಡಿಗಳ ಸ್ಥಿತಿ ಬೇರೆ. ಅಲ್ಲಿನವರು ಎಷ್ಟು ತಲೆಮಾರುಗಳಿಂದ ನೆಲೆಸಿದ್ದರೂ ಪಂಚಾಯಿತಿಯ ನಮೂನೆಗಳಲ್ಲಿ ಅವರ ಜಾಗವಿಲ್ಲ. 2006ರ ಅರಣ್ಯ ಹಕ್ಕು ಅಧಿನಿಯಮವು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ವಾಸ ಅಥವಾ ಸಾಗುವಳಿ ಮಾಡುತ್ತಿರುವ ಬುಡಕಟ್ಟು ಕುಟುಂಬಗಳಿಗೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು ನೀಡುತ್ತದೆ. ಹಕ್ಕುಪತ್ರ ದೊರೆಯದ ಕುಟುಂಬಕ್ಕೆ ವಸತಿ ಪಟ್ಟಿಯಲ್ಲಿ ಹೆಸರಿದ್ದರೂ ಮನೆ ಕಟ್ಟುವ ನೆಲ ಇರುವುದಿಲ್ಲ.

ದುಡಿಮೆಯ ಋತುವೂ ಇಲ್ಲಿ ಮುಖ್ಯವಾಗಿದೆ. ಈ ಭಾಗದ ಅನೇಕ ಕುಟುಂಬಗಳು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೊಡಗಿನ ತೋಟಗಳಿಗೆ ತೆರಳಿ ಅಲ್ಲಿನ ಲೈನ್ ಮನೆಗಳಲ್ಲಿ ತಂಗುತ್ತವೆ. ಆ ಅವಧಿಯಲ್ಲಿ ಸಮೀಕ್ಷಕರು ಬಂದರೆ ಗುಡಿಸಲಿಗೆ ಬೀಗ ಬಿದ್ದಿರುತ್ತದೆ. ತೋಟದ ಮಾಲೀಕರ ಲೈನ್ ಮನೆಯು ಕೆಲಸವಿರುವವರೆಗಿನ ನೆಲೆಯಷ್ಟೇ. ಊರಿನ ಪಟ್ಟಿಯಲ್ಲಿ ಹೆಸರು ತಪ್ಪಿದವರಿಗೆ ಕೊಡಗಿನ ಪಂಚಾಯಿತಿಯ ಪಟ್ಟಿಯಲ್ಲಿಯೂ ಸ್ಥಳ ಸಿಗುವುದು ಅಪರೂಪ.

2023ರ ನವೆಂಬರ್ 15ರಂದು ಆರಂಭವಾದ ಪಿಎಂ-ಜನಮನ್ ಕಾರ್ಯಕ್ರಮವು ಅತಿ ದುರ್ಬಲ ಬುಡಕಟ್ಟುಗಳಿಗೆ ಪ್ರತ್ಯೇಕ ಸಮೀಕ್ಷೆಯ ಮೂಲಕ ತಲಾ 2 ಲಕ್ಷ ರೂಪಾಯಿಯ ಮನೆ ನೀಡುತ್ತದೆ. ಜೇನುಕುರುಬರು ಇದರಡಿ ಸಾಮಾನ್ಯ ಸಾಲಿನಲ್ಲಿ ಕಾಯಬೇಕಿಲ್ಲ. ಅದೇ ಹಾಡಿಯ ಬೆಟ್ಟಕುರುಬ ಮತ್ತು ಯರವ ಕುಟುಂಬಗಳಿಗೆ ಈ ಸೌಲಭ್ಯ ಅನ್ವಯವಾಗುವುದಿಲ್ಲ.

ಸಹಾಯಧನದ ಬಿಡುಗಡೆ

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನಿಗದಿಯಾಗಿದ್ದು, ಕೇಂದ್ರ ಮತ್ತು ರಾಜ್ಯ ಇದನ್ನು 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಮನೆಯ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಶೌಚಾಲಯಕ್ಕೆ ಸ್ವಚ್ಛ ಭಾರತ ಯೋಜನೆಯಿಂದ 12,000 ರೂಪಾಯಿ ದೊರೆಯುತ್ತದೆ. ಉದ್ಯೋಗ ಖಾತ್ರಿಯಡಿ 90 ಮಾನವ ದಿನಗಳ ಕೂಲಿಗೂ ಮಾರ್ಗಸೂಚಿ ಅವಕಾಶ ಕಲ್ಪಿಸಿತು. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಗ್ರಾಮೀಣ ಮನೆಗೆ 1.75 ಲಕ್ಷ ರೂಪಾಯಿ ನೀಡಲಾಗುತ್ತದೆ.

ಹಣ ಒಮ್ಮೆಲೇ ಬರುವುದಿಲ್ಲ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಿದ್ದು, ಪ್ರತಿ ಹಂತದಲ್ಲೂ ಸ್ಥಳದ ಅಕ್ಷಾಂಶ-ರೇಖಾಂಶ ದಾಖಲಾಗುವ ಜಿಪಿಎಸ್ ಛಾಯಾಚಿತ್ರ ತೆಗೆದ ನಂತರ ಕಂತು ಖಾತೆಗೆ ಜಮೆಯಾಗುತ್ತದೆ. ಕೆಲಸ ಮುಗಿದ ಮೇಲೆ ಹಣ ಬರುವ ಕಾರಣ ತಳಪಾಯದ ಖರ್ಚನ್ನು ಫಲಾನುಭವಿಯೇ ಹೊಂದಿಸಬೇಕು. ಅತ್ಯಂತ ಬಡ ಕುಟುಂಬಗಳು ಪಟ್ಟಿಯಲ್ಲಿ ಮೇಲಿದ್ದೂ ಹಿಂದೆ ಬೀಳುವುದು ಇಲ್ಲಿ. ನಿಗದಿತ ಅವಧಿಯಲ್ಲಿ ಕೆಲಸ ಆರಂಭಿಸದ ಮನೆಯನ್ನು ತಂತ್ರಾಂಶದಲ್ಲಿ ತಡೆಹಿಡಿಯಲಾಗುತ್ತದೆ. ಆಡುಮಾತಿನಲ್ಲಿ ಇದನ್ನು 'ಮನೆ ಬ್ಲಾಕ್ ಆಯಿತು' ಎನ್ನುತ್ತಾರೆ. ಬಿಲ್ ತಡವಾದಾಗ ಗೋಡೆ ಎದ್ದು ಛಾವಣಿಯಿಲ್ಲದೆ ಮಳೆಗಾಲ ಕಳೆಯುವ ಮನೆಗಳೂ ಇವೆ.

ಬಾಡಿಗೆ ವಸತಿ

ಇಂಗ್ಲೆಂಡ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಕಾಯುವ ಪಟ್ಟಿಯು ಕಡಿಮೆ ಬಾಡಿಗೆಯ ಮನೆಗಳಿಗಾಗಿ ಇರುತ್ತದೆ. ಮನೆಯ ಒಡೆತನ ಸಂಸ್ಥೆಯದ್ದೇ. ಕರ್ನಾಟಕದ ಗ್ರಾಮೀಣ ಯೋಜನೆಗಳು ಒಡೆತನವನ್ನೇ ಗುರಿಯಾಗಿಸಿಕೊಂಡಿದ್ದು, ಸಹಾಯಧನದ ಬಾಡಿಗೆ ಮನೆ ಎಂಬ ವರ್ಗ ಅವುಗಳಲ್ಲಿ ಇಲ್ಲ. ನಗರಗಳಿಗೆ ವಲಸೆ ಬಂದವರಿಗಾಗಿ ಕೇಂದ್ರವು 2020ರಲ್ಲಿ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯ ಯೋಜನೆಯನ್ನು ಪ್ರಕಟಿಸಿತಾದರೂ ಅದು ಗ್ರಾಮ ಪಂಚಾಯಿತಿಗಳಿಗೆ ಅನ್ವಯಿಸುವುದಿಲ್ಲ. ಹುಣಸೂರು ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದ ಹಳ್ಳಿಯ ಕುಟುಂಬವು ಪಡಿತರ ಚೀಟಿಯನ್ನು ಊರಿನಲ್ಲಿಯೇ ಉಳಿಸಿಕೊಂಡರೆ ಅಲ್ಲಿನ ಗ್ರಾಮಸಭೆಯ ಪಟ್ಟಿಯಲ್ಲಿ, ಪಟ್ಟಣಕ್ಕೆ ವರ್ಗಾಯಿಸಿಕೊಂಡರೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಪಟ್ಟಿಯಲ್ಲಿ ಹೊಸದಾಗಿ ಹೆಸರು ಕೋರಬೇಕಾಗುತ್ತದೆ.