ಫರ್ ಬೆಳೆಯದ ನಾಡಿನ ಕ್ರಿಸ್‌ಮಸ್ ಮರ

ಕ್ರಿಸ್‌ಮಸ್‌ಗೆ ಅಸಲಿ ಮರ ತರಬೇಕೋ, ಪ್ಲಾಸ್ಟಿಕ್ಕಿನದು ಸಾಕೋ ಎಂಬ ಚರ್ಚೆ ಯೂರೋಪು, ಅಮೆರಿಕಗಳಲ್ಲಿ ಹಳೆಯದು. ಅಲ್ಲಿ ಅಸಲಿ ಎಂದರೆ ಹಬ್ಬಕ್ಕೆಂದೇ ಹೊಲದಲ್ಲಿ ವರ್ಷಗಟ್ಟಲೆ ಬೆಳೆಸಿ ಕಡಿದ ಫರ್ ಅಥವಾ ಸ್ಪ್ರೂಸ್. ಆ ಚರ್ಚೆಯನ್ನು ಹಾಗೆಯೇ ಎತ್ತಿಕೊಂಡು ಬಂದು ಕೊಡಗಿನಲ್ಲಿ ಇಟ್ಟರೆ ಅದು ಇಲ್ಲಿ ಬೇರು ಬಿಡುವುದಿಲ್ಲ. ಇಲ್ಲಿ ಫರ್ ಇಲ್ಲ, ಹಿಂದೆಯೂ ಇರಲಿಲ್ಲ. ಕೊಡಗಿನ ಮನೆ, ಚರ್ಚುಗಳಲ್ಲಿ ನಿಂತ ಕ್ರಿಸ್‌ಮಸ್ ಮರ ಸೊಪ್ಪಿನದಾಗಲಿ, ಪ್ಲಾಸ್ಟಿಕ್ಕಿನದಾಗಲಿ, ಬೇರೊಂದು ಮರದ ಬದಲಿಗೆ ನಿಂತದ್ದೇ. ಹಾಗಾಗಿ ಅಸಲಿ, ನಕಲಿ ಎಂದು ವಿಂಗಡಿಸುವುದರಿಂದ ಏನೂ ತೀರ್ಮಾನವಾಗುವುದಿಲ್ಲ. ಕೊಂಬೆ ಯಾವ ಮರದ್ದು, ಅದನ್ನು ಕಡಿಯುವ ಹಕ್ಕು ಯಾರದ್ದು, ಕಡಿದ ಮೇಲೆ ಆ ಮರ ಏನಾಗುತ್ತದೆ ಎಂಬ ಪ್ರಶ್ನೆಗಳೇ ಇಲ್ಲಿ ಮುಖ್ಯ. ಈ ಪ್ರಶ್ನೆಗಳನ್ನು ಕೊಡಗು ಕ್ರಿಸ್‌ಮಸ್ ಮರ ಇಲ್ಲಿಗೆ ಬರುವ ಮೊದಲಿನಿಂದಲೂ ಕೇಳಿಕೊಂಡು ಬಂದಿದೆ.

ಕೊಡಗಿನಲ್ಲಿ ಕ್ರಿಸ್‌ಮಸ್ ಹಬ್ಬ ಕ್ರಿಸ್‌ಮಸ್ ಮರಕ್ಕಿಂತ ಹಳೆಯದು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ತನ್ನ ಹೆಸರಿನಲ್ಲಿ ಕಟ್ಟಿಸಿದ ಹೊಸ ಪೇಟೆಯಲ್ಲಿ ನೆಲೆ ಕೊಟ್ಟ, ಚರ್ಚಿಗೂ ಜಾಗ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಚರಿತ್ರೆ 1792ರಿಂದ ಶುರುವಾಗುವುದು ಹೀಗೆ. ಆ ಹೊತ್ತಿಗೆ ಇಂಗ್ಲೆಂಡಿನ ಅರಮನೆಯಲ್ಲೂ ಕ್ರಿಸ್‌ಮಸ್ ಮರ ಇರಲಿಲ್ಲ. ಜರ್ಮನಿಯಿಂದ ಸೊಸೆಯಾಗಿ ಬಂದಿದ್ದ ರಾಣಿ ಷಾರ್ಲೆಟ್ ವಿಂಡ್ಸರ್‌ನಲ್ಲಿ ಮರ ನಿಲ್ಲಿಸಿದ್ದು 1800ರ ಡಿಸೆಂಬರಿನಲ್ಲಿ. ಕ್ಯಾಥೊಲಿಕರ ಮನೆಗಳಲ್ಲಿ ಕ್ರಿಸ್‌ಮಸ್‌ನ ಗುರುತು ಗೋದಲಿ. ಮರವನ್ನು ಪ್ರೊಟೆಸ್ಟೆಂಟರ ಪದ್ಧತಿ ಎಂದೇ ಅವರು ಬಹುಕಾಲ ನೋಡಿದರು. ರೋಮಿನ ಸಂತ ಪೇತ್ರರ ಚೌಕದಲ್ಲಿ ಮರ ನಿಂತದ್ದೇ 1982ರಲ್ಲಿ. ಇಂಗ್ಲೆಂಡಿನ ಸಾಮಾನ್ಯರ ಮನೆಗೆ ಮರ ಹೊಕ್ಕಿದ್ದು 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಅದಾಗಿ ನಾಲ್ಕು ವರ್ಷಕ್ಕೆ, 1852ರಲ್ಲಿ, ಪದಚ್ಯುತ ದೊರೆ ಚಿಕ್ಕ ವೀರರಾಜೇಂದ್ರನ ಮಗಳು ಗೌರಮ್ಮನಿಗೆ ಅದೇ ರಾಣಿ ಧರ್ಮಮಾತೆಯಾಗಿ ನಿಂತು ದೀಕ್ಷಾಸ್ನಾನ ಮಾಡಿಸಿದಳು, ತನ್ನ ಹೆಸರನ್ನೇ ಇಟ್ಟಳು. ಮರದ ಪದ್ಧತಿ ಕೊಡಗಿನ ಮಣ್ಣಿಗೆ ಬರುವ ಮುನ್ನ ಕೊಡಗಿನ ರಾಜಪುತ್ರಿ ಆ ಪದ್ಧತಿಯ ಮನೆಗೇ ಹೋಗಿದ್ದಳು.

ಮರದ ನೆನಪು ಹೊತ್ತವರು ಕೊಡಗಿಗೆ ಬಂದು ನೆಲೆಸಿದ್ದೂ ಆ ದಶಕದಲ್ಲೇ. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಇಲ್ಲಿಗೆ ಬಂದ. ಸಿದ್ದಾಪುರದ ಕಡೆ ಆನಂದಪುರವೆಂಬ ನೆಲೆಯನ್ನು ಕಟ್ಟಿದ. ಅವನ ಹುಟ್ಟೂರಿರುವ ವುರ್ಟೆಂಬರ್ಗ್ ಫರ್ ಕಾಡುಗಳ ಸೀಮೆ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಯೂರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಮಡಿಕೇರಿ ಕೋಟೆಯೊಳಗೆ ಸಂತ ಮಾರ್ಕನ ಚರ್ಚು ಎದ್ದದ್ದೂ ಅದೇ ದಶಕದಲ್ಲಿ. ಸುತ್ತಲೂ ಕಾಡಿತ್ತು. ಆದರೆ ಪೈನ್, ಫರ್‌ಗಳ ಬಳಗಕ್ಕೆ ಸೇರಿ ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ಮರ ಒಂದೇ, ನಾಗೇಯಾ ವಾಲಿಚಿಯಾನ. ಅದರ ಎಲೆಯೂ ಸೂಜಿಯಂತಿಲ್ಲ, ಅಗಲವಾಗಿದೆ. ಇಂದು ನಮ್ಮ ಕಡೆ ಹಬ್ಬಕ್ಕೆ ಒದಗುವ ಸಿಲ್ವರ್ ಓಕ್, ಗಾಳಿ ಮರ, ಸೈಪ್ರೆಸ್, ಅರಕೇರಿಯಾ ಯಾವುದೂ ಕೊಡಗಿನ ಕಾಡಿನ ಮರವಲ್ಲ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಟ್ರೀ ಎಂದೇ ಮಾರುವ ಅರಕೇರಿಯಾ ಶಾಂತ ಸಾಗರದ ದ್ವೀಪಗಳಿಂದ ಬಂದದ್ದು, ಡಿಸೆಂಬರ್ ಎಂದರೆ ಬೇಸಿಗೆ ಎನ್ನುವ ಸೀಮೆಯದು.

ಇಷ್ಟಾದರೂ ಸೊಪ್ಪಿನ ಮರವಷ್ಟೇ ಪರಂಪರೆ, ಪ್ಲಾಸ್ಟಿಕ್ ಇತ್ತೀಚಿನ ಅಪಚಾರ ಎನ್ನುವವರಿದ್ದಾರೆ. ಅವರು ಜರ್ಮನಿಯ ಚರಿತ್ರೆಯನ್ನೂ ನೋಡಬೇಕು. ಕ್ರಿಸ್‌ಮಸ್ ಮರದ ಬಗ್ಗೆ ಸಿಗುವ ತೀರಾ ಹಳೆಯ ದಾಖಲೆಗಳಲ್ಲಿ ಒಂದು, ಆಲ್ಸೇಸ್ ಪ್ರಾಂತದ ಸೆಲೆಸ್ಟಾ ಪಟ್ಟಣದ 1521ರ ಲೆಕ್ಕದ ಪುಸ್ತಕ. ಅದರಲ್ಲಿರುವುದು ಹಬ್ಬದ ವರ್ಣನೆಯಲ್ಲ, ಮರ ಕದಿಯದಂತೆ ಕಾಡು ಕಾದವರಿಗೆ ಕೊಟ್ಟ ನಾಲ್ಕು ಷಿಲಿಂಗ್ ಕೂಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಎಳೆಯ ಫರ್ ಮರಗಳು ಕಾಡಿನಿಂದ ಖಾಲಿಯಾಗುತ್ತಿವೆ ಎಂಬ ಆತಂಕ ಜರ್ಮನಿಯಲ್ಲಿ ಹಬ್ಬಿದಾಗ, ಹೆಬ್ಬಾತಿನ ಗರಿಗಳಿಗೆ ಹಸಿರು ಬಣ್ಣ ಕೊಟ್ಟು ತಂತಿಗೆ ಸುತ್ತಿದ ಕೃತಕ ಮರಗಳು ಅಲ್ಲೇ ಹುಟ್ಟಿದವು. ಕೃತಕ ಮರ ಬಂದದ್ದು ಕಾಡಿನ ಮೇಲಿನ ಕಾಳಜಿಯಿಂದ. ಷಾರ್ಲೆಟ್ ರಾಣಿ ನಿಲ್ಲಿಸಿದ್ದು ಕೂಡ ಫರ್ ಅಲ್ಲ, ಯೂ ಮರ. ಕೈಗೆ ಸಿಕ್ಕಿದ್ದನ್ನು ಹಬ್ಬಕ್ಕೆ ಒಗ್ಗಿಸಿಕೊಳ್ಳುವುದು ಈ ಪದ್ಧತಿಯ ಆರಂಭದಿಂದಲೂ ಇದೆ.

ಕೊಡಗಿನ ತೂಕದ ಕಲ್ಲು ಬೇರೆ, ಮತ್ತು ಅದು ಯೂರೋಪಿನದಕ್ಕಿಂತ ಸೂಕ್ಷ್ಮವಾದದ್ದು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕತ್ತಿ ಎತ್ತುವಂತಿಲ್ಲ ಎಂಬುದು ಕಟ್ಟು. ದೇವರಕಾಡಿನ ಆಚೆ ಬಾಣೆ. ಕೊಡಗಿನ 1899ರ ಭೂಕಂದಾಯ ರೆಗ್ಯುಲೇಷನ್ ಬಾಣೆಯನ್ನು ವಿವರಿಸುವ ರೀತಿಯನ್ನು ಗಮನಿಸಬೇಕು: ಗದ್ದೆಯ ಸೇವೆಗೆಂದು ಬಿಟ್ಟುಕೊಟ್ಟ, ಕಂದಾಯವಿಲ್ಲದ ಜಾಗ, ದನ ಮೇಯಿಸಲು, ಸೊಪ್ಪಿನ ಗೊಬ್ಬರಕ್ಕೆ, ಸೌದೆಗೆ, ಬೇಸಾಯಕ್ಕೂ ಮನೆಗೂ ಬೇಕಾದ ಮರಕ್ಕೆ. ಮನೆಯ ಬಳಕೆಗೆ ಕಡಿಯಬಹುದಿತ್ತು, ಮಾರಾಟಕ್ಕೆ ಹಾಗೆ ಕಡಿಯುವಂತಿರಲಿಲ್ಲ. ಮರ ಅಸಲಿಯೋ ಅಲ್ಲವೋ ಎಂದು ಈ ಕಾನೂನು ಕೇಳಲಿಲ್ಲ. ಯಾವ ಉದ್ದೇಶಕ್ಕೆ, ಎಷ್ಟು ಎಂದು ಕೇಳಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೂ ಇದೇ ಜಾಡು ಕಾಣುತ್ತದೆ. ಬೀಟೆ, ನಂದಿ, ಹಲಸು ಕಡಿಯಲು ಅನುಮತಿ ಬೇಕು. ನೆಟ್ಟು ಬೆಳೆಸಿದ ಸಿಲ್ವರ್ ಓಕ್, ಗಾಳಿ ಮರ, ಹಾಲುವಾಣಗಳು ಅನುಮತಿ ಬೇಡದ ಪಟ್ಟಿಯಲ್ಲಿವೆ. ಕ್ರಿಸ್‌ಮಸ್‌ಗೆ ಕೆಲವು ವಾರ ಮೊದಲು ಬರುವ ಸುಗ್ಗಿ ಹಬ್ಬ ಪುತ್ತರಿಯಲ್ಲೂ ಇದನ್ನೇ ನೋಡುತ್ತೇವೆ. ನೆರೆ ಕಟ್ಟಲು ಅರಳಿ, ಮಾವು ಮೊದಲಾದ ಐದು ಬಗೆಯ ಎಲೆ ಸಾಕು, ಮರ ನಿಂತಲ್ಲೇ ನಿಂತಿರುತ್ತದೆ. ಕದಿರು ತೆಗೆಯುವುದು ಕೊಯ್ಯಲೆಂದೇ ನೆಟ್ಟ ಗದ್ದೆಯಿಂದ. ಹಬ್ಬಕ್ಕೆ ಹಸಿರನ್ನು ಮನೆಯೊಳಗೆ ತರುವುದು ಕೊಡಗಿಗೆ ಯಾರೂ ಕಲಿಸಬೇಕಾದದ್ದಲ್ಲ, ಅದರ ಮಿತಿಯನ್ನೂ ಯಾರೂ ಹೇಳಿಕೊಡಬೇಕಿಲ್ಲ.

ಈ ತೂಕಕ್ಕೆ ಇಟ್ಟರೆ ಎಲ್ಲ ಹಸಿರೂ ಒಂದೇ ಅಲ್ಲವೆಂಬುದು ತಿಳಿಯುತ್ತದೆ. ಅರಕೇರಿಯಾದ ಅಂದವೆಲ್ಲ ಅದರ ತುದಿಯಲ್ಲಿದೆ. ನೆಟ್ಟಗೆ ಏರುವ ಒಂದು ಕುಡಿ, ಅದರ ಸುತ್ತ ಅಂತಸ್ತು ಅಂತಸ್ತಾಗಿ ಚಾಚಿದ ರೆಂಬೆ. ಪಕ್ಕದ ರೆಂಬೆಯನ್ನು ಕಡಿದು ಬೇರು ಬರಿಸಿದರೆ ಅದು ಎಷ್ಟು ವರ್ಷವಾದರೂ ಮೇಲೇಳದೆ ಅಡ್ಡಡ್ಡವಾಗಿಯೇ ಬೆಳೆಯುತ್ತದೆ. ಹಬ್ಬದ ಒಂದು ವಾರಕ್ಕೆಂದು ತುದಿ ಕತ್ತರಿಸಿದರೆ ಆ ಮರದ ರೂಪ ಕೆಟ್ಟಿತೆಂದೇ ಲೆಕ್ಕ. ಸಿಲ್ವರ್ ಓಕ್ ಹಾಗಲ್ಲ. 1860ರ ದಶಕದಲ್ಲಿ ಬೋರರ್ ಹುಳು ಬಿದ್ದು ಬಿಸಿಲಿಗೆ ಒಡ್ಡಿಕೊಂಡಿದ್ದ ತೋಟಗಳು ನೆಲಕಚ್ಚಿದ ಮೇಲೆ ಕಾಫಿಗೆ ನೆರಳು ಬೇಕೆಂಬ ಪಾಠ ಗಟ್ಟಿಯಾಯಿತು. ಆಮೇಲೆ ತೋಟ ತುಂಬಿದ ನೆರಳು ಮರಗಳಲ್ಲಿ ಆಸ್ಟ್ರೇಲಿಯಾದ ಈ ಮರವೂ ಒಂದು. ಒಳ್ಳೆಮೆಣಸಿನ ಬಳ್ಳಿ ಹಬ್ಬಲು ಇದರ ಕಾಂಡ ಬೇಕು, ಅಡ್ಡ ಕೊಂಬೆಗಳನ್ನು ಹೇಗೂ ನೆರಳು ಹದಗೊಳಿಸುವ ಮರಗಸಿಯಲ್ಲಿ ತೆಗೆಯುತ್ತಾರೆ, ಮರ ಮತ್ತೆ ಚಿಗುರುತ್ತದೆ. ಎಲೆ ಜರಿಗಿಡದ ಎಲೆಯಂತೆ ಸೀಳುಸೀಳು. ಮೇಲ್ಗಡೆ ಕಡುಹಸಿರು, ಮಗುಚಿದರೆ ಬೆಳ್ಳಿಯ ಬಣ್ಣದ ನವಿರು. ಬಕೆಟ್ಟಿಗೆ ಒದ್ದೆ ಮರಳು ತುಂಬಿ ನಿಲ್ಲಿಸಿದ ಕೊಂಬೆಯಲ್ಲಿ ದೀಪದ ಸರ ಇಳಿಬಿಟ್ಟರೆ ಆ ಬೆಳ್ಳಿ ಬಣ್ಣವೇ ಅಲಂಕಾರ.

ಸಿಲ್ವರ್ ಓಕನ್ನು ಹೊಗಳುವುದು ತಪ್ಪು, ಅದು ನಾಡಮರಗಳನ್ನು ತಳ್ಳಿ ತೋಟ ಆಕ್ರಮಿಸುತ್ತಿದೆ ಎಂಬ ಆಕ್ಷೇಪಕ್ಕೆ ಆಧಾರವಿದೆ. ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಂಶೋಧಕರು ವರ್ಷಗಳಿಂದ ಗಮನಿಸುತ್ತಾ ಬಂದ ಸಂಗತಿ ಅದು. ನಾಡಮರದ ಮೇಲೆ ಬೆಳೆಗಾರನಿಗೆ ಪೂರ್ಣ ಹಕ್ಕಿಲ್ಲದಿರುವುದು, ಸಿಲ್ವರನ್ನು ಸುಲಭವಾಗಿ ಮಾರಬಹುದಾಗಿರುವುದು ಅದಕ್ಕೊಂದು ದೊಡ್ಡ ಕಾರಣ. ಅದು ಹೀಗೆ ಆಕ್ರಮಿಸುತ್ತಿರುವುದರಿಂದಲೇ ಕೊಂಬೆ ಬೇಕಾದರೆ ಇದರದ್ದೇ ತೆಗೆಯಬೇಕು, ಹಬ್ಬಕ್ಕೆಂದು ಹೊಸದಾಗಿ ನೆಡಬಾರದು. ಇನ್ನೊಂದು ಆಕ್ಷೇಪ, 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿದ ನಾಡಿನಲ್ಲಿ ಕೊಂಬೆ ಕಡಿಯುವ ಮಾತೇ ಬೇಡ, ಪ್ಲಾಸ್ಟಿಕ್ ಮರವೇ ಲೇಸು ಎನ್ನುವುದು. ಬೆಟ್ಟದ ಬಗೆಗಿನ ಆ ನೋವು ನ್ಯಾಯವಾದದ್ದೇ. ಆದರೆ ಮರಗಸಿಯ ಒಂದು ಕೊಂಬೆಯಿಂದ ಗುಡ್ಡ ಸಡಿಲವಾಗುವುದಿಲ್ಲ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಲೆಕ್ಕದಂತೆ ಎರಡು ಮೀಟರಿನ ಕೃತಕ ಮರದ ಇಂಗಾಲದ ಹೊರೆ ಸುಮಾರು 40 ಕಿಲೋ. ಕಡಿದ ಮರವನ್ನು ಹಬ್ಬದ ನಂತರ ಸೌದೆಯಾಗಿ ಉರಿಸಿದರೆ ಸುಮಾರು 3.5 ಕಿಲೋ. ಹತ್ತಾರು ವರ್ಷ ಬಳಸಿದರೆ ಮಾತ್ರ ಪ್ಲಾಸ್ಟಿಕ್ ಸರಿದೂಗುತ್ತದೆ. ಈ ಲೆಕ್ಕ ಹೊಲದಲ್ಲಿ ಬೆಳೆದ ಇಡೀ ಮರದ್ದು. ಹೇಗೂ ಕಡಿಯಲಿದ್ದ ಕೊಂಬೆಯ ಹೊರೆ ಇನ್ನೂ ಕಡಿಮೆ. ಕಸವಾದ ಪ್ಲಾಸ್ಟಿಕ್ ಮರದ ಪಿವಿಸಿ ಸೇರುವುದು ಕಾವೇರಿ ಹುಟ್ಟುವ ಮಣ್ಣಿಗೇ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ತೋಟ ಕಾರ್ಮಿಕರ ಲೈನ್ ಮನೆಗಳದ್ದು. ಬಾಣೆಯ ಹಕ್ಕು ಗದ್ದೆ ಇದ್ದವರದ್ದು, ತೋಟದ ಮರ ತೋಟದ ಮಾಲೀಕನದು. ಲೈನಿನಲ್ಲಿ ವಾಸಿಸುವ ಕ್ರೈಸ್ತ ಕಾರ್ಮಿಕನಿಗೆ ಕೊಂಬೆಯೊಂದನ್ನು ಕಡಿಯಲೂ ಇನ್ನೊಬ್ಬರ ಅಪ್ಪಣೆ ಬೇಕು. ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಮರ ಯಾರನ್ನೂ ಕೇಳದೆ ಅವನ ಮನೆಗೆ ಬಂದ ಮೊದಲ ಕ್ರಿಸ್‌ಮಸ್ ಮರವಾಗಿದ್ದರೆ ಅದನ್ನು ನಕಲಿ ಎಂದು ಹೀಗಳೆಯುವುದು ಅನ್ಯಾಯ. ಆ ಮರ ಇರಲಿ, ಮಳೆಗಾಲದ ತೇವ ತಾಗದಂತೆ ಅಟ್ಟದಲ್ಲಿ ಕಟ್ಟಿಟ್ಟು ಮಕ್ಕಳ ಕಾಲದವರೆಗೂ ಬಳಸಲಿ. ಹೊಸದಾಗಿ ಪ್ಲಾಸ್ಟಿಕ್ ಕೊಳ್ಳಬೇಡಿ, ಅರಕೇರಿಯಾದ ತುದಿ ಮುರಿಯಬೇಡಿ ಎಂಬ ಮಾತು ಸಲ್ಲುವುದು ಆಯ್ಕೆ ಮಾಡುವ ಅನುಕೂಲ ಉಳ್ಳವರಿಗೆ. ತೋಟವಿರುವವರಲ್ಲಿ ಒಂದು ಕೋರಿಕೆ: ಕೊಯ್ಲು ಮುಗಿದ ಮೇಲೆ ಮಾಡುವ ಮರಗಸಿಯಲ್ಲಿ ಹೋಗಲಿರುವ ನಾಲ್ಕಾರು ಸಿಲ್ವರ್ ಕೊಂಬೆಗಳನ್ನು ಡಿಸೆಂಬರ್ ಮೂರನೆಯ ವಾರಕ್ಕೇ ತೆಗೆಸಿ, ಲೈನ್ ಮನೆಗಳಿಗೂ ಹತ್ತಿರದ ಚರ್ಚಿಗೂ ಅವರು ಕೇಳುವ ಮೊದಲೇ ಕಳಿಸಿಕೊಡಿ. ಹಬ್ಬ ಮುಗಿದ ಮೇಲೆ ಅದು ಅವರ ಒಲೆಗೆ ಸೌದೆಯಾಗುತ್ತದೆ.