ಪನ್ಹಾಳಗಡದ ಕಲ್ಲಿನ ಕಣಜಗಳು

ಕೊಲ್ಲಾಪುರದ ಮಹಾಲಕ್ಷ್ಮಿಯ ದರ್ಶನ ನಮ್ಮ ಡೊಂಬಿವಲಿ, ಕಲ್ಯಾಣದ ಕನ್ನಡಿಗರಿಗೆ ಹೊಸದಲ್ಲ. ರಾತ್ರಿ ಕಲ್ಯಾಣದಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ದೇವಿಯ ಊರು. ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಪನ್ಹಾಳಗಡಕ್ಕೂ ಹಲವರು ಹೋಗುತ್ತಾರೆ. ತೀನ್ ದರ್ವಾಜಾ ನೋಡಿ, ಝುಣಕಾ-ಭಾಕರಿ ತಿಂದು, ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ಕೋಟೆಯ ನಡುವೆ ನಿಂತಿರುವ ಅಂಬರಖಾನಾದ ಮುಂದೆ ನಿಲ್ಲುವವರು ಕಡಿಮೆ. ಆದರೆ ಮನೆಯಲ್ಲಿ ಅಕ್ಕಿ ಡಬ್ಬ ತುಂಬಿಸುವ ಚಿಂತೆ ಗೊತ್ತಿರುವ ನಾವು ನಿಂತು ನೋಡಬೇಕಾದ ಕಟ್ಟಡ ಅದೇ.

ಅಂಬರಖಾನಾ ಎಂದರೆ ಧಾನ್ಯದ ಉಗ್ರಾಣ. ಗಂಗಾ, ಯಮುನಾ, ಸರಸ್ವತಿ ಎಂದು ಇಲ್ಲಿ ಮೂರು ಕೋಠಿಗಳಿವೆ. ದೊಡ್ಡದಾದ ಗಂಗಾ ಕೋಠಿ ಸುಮಾರು 10,200 ಚದರಡಿ ವಿಸ್ತಾರ, 35 ಅಡಿ ಎತ್ತರ. ಒಳಗೆ 16 ಅಂಕಣಗಳು, ಪ್ರತಿಯೊಂದರ ಮೇಲೂ ಚಪ್ಪಟೆ ಗುಮ್ಮಟ, ಗುಮ್ಮಟದ ನೆತ್ತಿಯಲ್ಲಿ ಒಂದು ಕಂಡಿ. ಹೊರಗಿನ ಮೆಟ್ಟಿಲು ಹತ್ತಿ, ಧಾನ್ಯವನ್ನು ಆ ಕಂಡಿಯಿಂದ ಸುರಿಯುತ್ತಿದ್ದರು. ಉತ್ತರ ಕರ್ನಾಟಕದ ನಮ್ಮ ಹಿರಿಯರು ನೆಲದೊಳಗಿನ ಹಗೇವಿಗೆ ಜೋಳ ಸುರಿಯುತ್ತಿದ್ದುದೂ ಮೇಲಿನ ಬಾಯಿಂದಲೇ. ಅದು ನೆಲದ ಕೆಳಗೆ, ಇದು ನೆಲದ ಮೇಲೆ; ಬುದ್ಧಿ ಒಂದೇ.

ಈ ಕೋಟೆಗೂ ಕನ್ನಡಕ್ಕೂ ಹಳೆಯ ನಂಟು. 12ನೆಯ ಶತಮಾನದ ಕೊನೆಗೆ ಇಲ್ಲಿದ್ದವನು ಕೊಲ್ಲಾಪುರದ ಶಿಲಾಹಾರ ಇಮ್ಮಡಿ ಭೋಜ. ಆ ವಂಶದ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಮುಂದೆ ಯಾದವರು, ಬಹಮನಿಗಳು, 1489ರ ನಂತರ ವಿಜಯಪುರದ ಆದಿಲ್‌ಶಾಹಿಗಳು ಬಂದರು. ಅಂಬರಖಾನಾದ ಕಮಾನು, ಗಾರೆ ಕೆಲಸಗಳೆಲ್ಲ ವಿಜಯಪುರದ ಶೈಲಿಯವು.

ಶಿವಾಜಿ ಮಹಾರಾಜರು ಈ ಕೋಟೆಯನ್ನು ಗೆದ್ದದ್ದು 1659ರ ನವೆಂಬರ್‌ನಲ್ಲಿ. ಮರುವರ್ಷ ಮಾರ್ಚ್‌ನಲ್ಲಿ ಆದಿಲ್‌ಶಾಹಿ ಸೇನಾನಿ ಸಿದ್ದಿ ಜೌಹರ್ ಬಂದು ಮುತ್ತಿಗೆ ಹಾಕಿದ. ಮಹಾರಾಜರು ಜುಲೈ 13ರ ಮಳೆಯ ರಾತ್ರಿ ವಿಶಾಲಗಡದತ್ತ ಪಾರಾಗುವ ತನಕ ಒಳಗಿದ್ದವರನ್ನು ಉಳಿಸಿದ್ದು ಕೂಡಿಟ್ಟ ಕಾಳು. ವಿಜಯಪುರದವರ ಕೈಯ ಕಣಜ ವಿಜಯಪುರದ ಸೈನ್ಯದ ವಿರುದ್ಧವೇ ಕೆಲಸ ಮಾಡಿತು!

ಗಂಗಾ ಕೋಠಿಯಲ್ಲಿ 25,000 ಖಂಡಿ ಧಾನ್ಯ ಹಿಡಿಯುತ್ತಿತ್ತು ಎನ್ನುತ್ತಾರೆ. ನಾನು ಇಂಜಿನಿಯರ್, ಲೆಕ್ಕ ಹಾಕದೆ ಬಿಡಲಾಗಲಿಲ್ಲ. ಖಂಡಿಗೆ 650 ಪೌಂಡ್ ಎಂದು ಹಿಡಿದರೆ ಅದು 7,300 ಟನ್ ದಾಟುತ್ತದೆ. ಆದರೆ ಗೋಡೆಗಳೇ ಇಲ್ಲವೆಂದುಕೊಂಡು ಇಡೀ ಕಟ್ಟಡಕ್ಕೆ ಭತ್ತ ತುಂಬಿದರೂ 6,000 ಟನ್ ಮುಟ್ಟುವುದು ಕಷ್ಟ. ಖಂಡಿಯ ಅಳತೆ ನಮ್ಮ ಖಂಡುಗದಂತೆ ಊರಿಂದೂರಿಗೆ ಬೇರೆ. ಇಲ್ಲಿಯ ಖಂಡಿ ಚಿಕ್ಕದಿದ್ದಿರಬೇಕು. ಅರ್ಧ ಜಾಗವನ್ನು ಗೋಡೆ, ಕಂಬಗಳಿಗೆ ಬಿಟ್ಟು 3,000 ಟನ್ ಭತ್ತವೆಂದರೂ, ಕುಟ್ಟಿದ ಮೇಲೆ 2,000 ಟನ್ ಅಕ್ಕಿ. ತಲೆಗೆ ದಿನಕ್ಕೆ ಅರ್ಧ ಕಿಲೋದಂತೆ ಹತ್ತು ಸಾವಿರ ಜನರಿಗೆ 400 ದಿನ! ಇದು ತುಂಬಿದ ಒಂದು ಕೋಠಿಯ ಲೆಕ್ಕ ಮಾತ್ರ. ಈ ಭತ್ತವನ್ನು ಕುಟ್ಟಿ, ಕೇರಿ, ಬೇಯಿಸಿದ ಕೈಗಳ ಹೆಸರನ್ನು ಯಾವ ಬಖರೂ ಬರೆದಿಡಲಿಲ್ಲ.

ಇಂಥ ಕಟ್ಟಡದ ದೊಡ್ಡ ಶತ್ರು ತೋಪಲ್ಲ, ನೀರು. ಸಹ್ಯಾದ್ರಿಯ ಮಳೆ ಮಾಳಿಗೆಯ ಸಂದಿಗಿಳಿಯುತ್ತದೆ, ಅಲ್ಲಿ ಅರಳಿಯ ಬೀಜ ಮೊಳೆಯುತ್ತದೆ, ಬೇರು ಕಲ್ಲನ್ನು ಸರಿಸುತ್ತದೆ. ಹಾಗೆಂದು ಸಿಮೆಂಟ್ ಮೆತ್ತಿದರೆ ಆಗದು. ಸುಣ್ಣದ ಗಾರೆ ಒಳಗೆ ಸೇರಿದ ತೇವವನ್ನು ಹೊರಗೆ ಬಿಡುತ್ತದೆ, ಕಟ್ಟಡ ತುಸು ಅಲುಗಿದರೂ ತಾಳಿಕೊಳ್ಳುತ್ತದೆ. ಸಿಮೆಂಟ್ ಗಟ್ಟಿ, ಆದರೆ ನೀರನ್ನು ಒಳಗೇ ಕಟ್ಟಿಹಾಕುತ್ತದೆ. ಆಗ ಹಾಳಾಗುವುದು ಪಕ್ಕದ ಕಲ್ಲು. ಹೀಗಾಗಿ ಜೀರ್ಣೋದ್ಧಾರವೆಂದರೆ ಬೇರನ್ನು ತೆಗೆದು, ಸಡಿಲ ಗಾರೆ ಕೆರೆದು, ಅರೆದು ಹದ ಮಾಡಿದ ಸುಣ್ಣದಿಂದ ಸಂದಿ ತುಂಬಿ, ಮಾಳಿಗೆಯ ನೀರಿಗೆ ದಾರಿ ಮಾಡುವುದು. ಹಿಂದಿನವರು ಆ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದರು. ಇದನ್ನು ಬಲ್ಲ ಗಾರೆಯವರು ಈಗ ವಿರಳ. ಕಲ್ಲು ಎಲ್ಲಾದರೂ ಸಿಕ್ಕೀತು, ಕೈಗುಣ ಎಲ್ಲಿಂದ ತರುವುದು?

ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಪನ್ಹಾಳ, 2025ರ ಜುಲೈನಲ್ಲಿ ಮರಾಠಾ ಸೈನಿಕ ಭೂದೃಶ್ಯಗಳ 12 ಕೋಟೆಗಳಲ್ಲೊಂದಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗೌರವದ ಜೊತೆ ಇಕ್ಕಟ್ಟೂ ಇದೆ. ಕೋಟೆಯೊಳಗೆ ಒಂದು ಊರೇ ಇದೆ, ನಗರ ಪರಿಷತ್ತಿದೆ. ರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಮನೆ ರಿಪೇರಿಗೂ ಅನುಮತಿ ಬೇಕು. ಕಣಜವೂ ಉಳಿಯಬೇಕು, ಸುತ್ತಲಿನವರ ಸಂಸಾರವೂ ನಡೆಯಬೇಕು. ಪ್ರವಾಸಿಗರ ಹಣದಲ್ಲಿ ಆ ಜನರಿಗೂ ಪಾಲು ಸಿಕ್ಕರೆ ಅವರೇ ಕೋಟೆಯ ಕಾವಲುಗಾರರಾಗುತ್ತಾರೆ.

ಮುಂದಿನ ಸಲ ಕೊಲ್ಲಾಪುರಕ್ಕೆ ಹೋದಾಗ ಮಕ್ಕಳನ್ನು ಗಂಗಾ ಕೋಠಿಯೊಳಗೆ ಕರೆದೊಯ್ದು, ತಲೆ ಎತ್ತಿ ಆ ಕಂಡಿಗಳನ್ನು ತೋರಿಸಿ. ನಿಮ್ಮ ಊರಿನ ಮನೆಯಲ್ಲಿ ಹಳೆಯ ಕಲ್ಲಿನ ಕಣಜವೋ ಹಗೇವೋ ಇದ್ದರೆ, ಸಿಮೆಂಟ್ ಚೀಲ ತರಿಸುವ ಮೊದಲು ಸುಣ್ಣದ ಕೆಲಸ ಬಲ್ಲ ಹಿರಿಯರೊಬ್ಬರನ್ನು ಕೇಳಿ.