ಎಣ್ಣೆ ದೊರೆಯ ಮಗ ಮಾಡಿಸಿದ ಕಾರಿಲ್ಲದ ದಾರಿ

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಊರಿನ ಪಕ್ಕದಲ್ಲೇ ಅಕೇಡಿಯಾ ರಾಷ್ಟ್ರೀಯ ಉದ್ಯಾನ. ಅದರ ಕಾಡಿನೊಳಗೆ 45 ಮೈಲಿ ಜಲ್ಲಿ ದಾರಿ ಇದೆ. ಕಾರು, ಮೋಟಾರ್ ಬೈಕು ಒಳಗೆ ಬರುವಂತಿಲ್ಲ. ಸೈಕಲ್ಲಿನವರಿಗೆ ಇನ್ನೇನು ಬೇಕು ಹೇಳಿ?

ಆದರೆ ಇದು ಆಗಿದ್ದು ಸೈಕಲ್ಲಿಗಾಗಿ ಅಲ್ಲ, ಕುದುರೆ ಗಾಡಿಗಾಗಿ. ಮಾಡಿಸಿದವನು ಜಾನ್ ಡಿ. ರಾಕ್‌ಫೆಲರ್ ಜೂನಿಯರ್. ಅಂದ್ರೆ ಸ್ಟಾಂಡರ್ಡ್ ಆಯಿಲ್ ಒಡೆಯನ ಮಗ! ಅಪ್ಪ ಎಣ್ಣೆ ಮಾರಿ ಗಳಿಸಿದ ದುಡ್ಡಲ್ಲಿ ಮಗ ಕಾರಿನಿಂದ ತಪ್ಪಿಸಿಕೊಳ್ಳುವ ದಾರಿ ಕಟ್ಟಿಸಿದ.

ಆ ದ್ವೀಪಕ್ಕೆ ಮೊದಲು ಕಾರು ಬರುವಂತೆಯೇ ಇರಲಿಲ್ಲ. 1913ರ ಹೊತ್ತಿಗೆ ಆ ನಿಷೇಧ ಸಡಿಲವಾಗತೊಡಗಿತು. ಅದೇ ವರ್ಷ ಶುರುವಾದ ಕೆಲಸ ಮುಗಿದದ್ದು 1940ರಲ್ಲಿ. ಸುಮಾರು 16 ಅಡಿ ಅಗಲ, ಮೂರು ಪದರ ಕಲ್ಲು-ಜಲ್ಲಿ, ನೀರು ನಿಲ್ಲದಂತೆ ನಡುವೆ ಉಬ್ಬು, ಪಕ್ಕದಲ್ಲಿ ಚರಂಡಿ. ಗುಡ್ಡ ಕಡಿದು ನೇರ ಮಾಡುವ ಬದಲು ಅದರ ಮೈಗೆ ಹೊಂದುವಂತೆ ತಿರುವುಗಳು. ಅಂಚಿಗೆ ನಿಲ್ಲಿಸಿದ ಒರಟು ಗ್ರಾನೈಟ್ ಕಲ್ಲುಗಳಿಗೆ ಜನ 'ರಾಕ್‌ಫೆಲರನ ಹಲ್ಲು' ಅಂತ ಹೆಸರಿಟ್ಟರು :)

ಎಲ್ಲರೂ ಹೊಗಳಲಿಲ್ಲ. ಪೆನ್ಸಿಲ್ವೇನಿಯಾದ ಸೆನೆಟರ್ ಜಾರ್ಜ್ ವಾರ್ಟನ್ ಪೆಪ್ಪರ್, ಕಾಡಿನೊಳಗೆ ಇಷ್ಟೊಂದು ದಾರಿ ಬೇಡ ಅಂತ 1920ರ ದಶಕದಲ್ಲಿ ತಕರಾರು ಎತ್ತಿದ. ಅದರಲ್ಲೂ ಹುರುಳಿದೆ ಅನ್ಸುತ್ತೆ. ದುಡ್ಡು ಕೊಟ್ಟವನ ಇಷ್ಟದಂತೆ ಎಲ್ಲರ ಕಾಡನ್ನೂ ತಿದ್ದಬಹುದಾ? ಆದರೂ ಆ ದಾರಿ ಕುದುರೆಗೆ ಸಿಗದೇ ಹೋಗಿದ್ದರೆ ಕೊನೆಗೆ ಕಾರಿಗೇ ಸಿಗುತ್ತಿತ್ತೇನೋ ಅಂತ ನನ್ನ ಗುಮಾನಿ.

1960ರಲ್ಲಿ ರಾಕ್‌ಫೆಲರ್ ತೀರಿಕೊಂಡ ಮೇಲೆ ನಿಗಾ ಕಡಿಮೆಯಾಗಿ ಚರಂಡಿ ಕಟ್ಟಿಕೊಂಡಿತು, ಜಲ್ಲಿ ಕೊಚ್ಚಿಹೋಯಿತು. 1990ರ ದಶಕದಲ್ಲಿ ದೊಡ್ಡ ದುರಸ್ತಿ ನಡೆಯಿತು. ಕುದುರೆಗಳು ಈಗಲೂ ಓಡಾಡುತ್ತವೆ. ಎದುರಾದರೆ ಸೈಕಲ್ಲಿನವರೇ ದಾರಿ ಬಿಡಬೇಕು.